ಮೂರನೇ ಹಾಡಿನ ಹೆಂಗಸು

ಅಣ್ಣಾ,

ನೀನು ಮನೆಯಲ್ಲೇ ಕೋಣೆ ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದ ಆಲ್ಬಮ್ಮಿನ ಅಭಿಮಾನಿಯೊಬ್ಬ ನಿನ್ನೆ ಬಂದಿದ್ದ. "ಮೂರನೇ ಹಾಡಲ್ಲಿ ದೂರದಿಂದ ಒಬ್ಬ ಹೆಂಗಸು ಕೂಗ್ತಾರಲ್ಲ, ಮೈ ಜುಮ್ಮನ್ನುತ್ತೆ. ಯಾರದು?" ಎಂದ. ಗೊತ್ತಿಲ್ಲ ಎಂದೆ.

ಅವನು ಹೋದ ಮೇಲೆ ಮೊದಲ ಸಲ ಅದನ್ನು ಕೇಳಿದೆ. ಬಚ್ಚಲಲ್ಲಿ ಜಾರಿಬಿದ್ದ ಅಮ್ಮ ಎರಡು ಸಲ "ಪುಟ್ಟೂ" ಎಂದು ನಿನ್ನನ್ನು ಕರೆದಿದ್ದಾಳೆ. ಮೊದಲ ಕರೆಗೆ ನಿನ್ನ ತಾಳ ತಪ್ಪಿಲ್ಲ. ಎರಡನೆಯದಕ್ಕೆ ದನಿ ಏರಿಸಿದ್ದೀಯ. ಜನ ಅಳುವುದು ಅಲ್ಲೇ ಅಂತೆ.

ಅವತ್ತು ನಾನು ಕೆಲಸದಿಂದ ಬರುವಷ್ಟರಲ್ಲಿ ಅವಳ ಮೈ ತಣ್ಣಗಾಗಿತ್ತು. "ನಂಗೇನೂ ಕೇಳಿಸಲಿಲ್ಲ ಕಣೇ" ಅಂದಿದ್ದೆ ನೀನು.

ಆಲ್ಬಮ್ಮಿಗೆ ಬಂದ ಹೆಸರು ನ್ಯಾಯವಾದದ್ದೇ. ಚೆನ್ನಾಗಿ ಹಾಡಿದ್ದೀಯ. ಹೊಸ ಮುದ್ರಣದ ಹೊದಿಕೆಯ ಮೇಲೆ ಒಂದು ಸಾಲು ಸೇರಿಸಿಬಿಡು. ಜೊತೆಗೆ ಹಾಡಿದವರು: ಅಮ್ಮ.

ನಿನ್ನ ತಂಗಿ