ಪಕ್ಕಾ ರಂಗು

೧೧ ಫೆಬ್ರುವರಿ ೧೯೭೪, ಸೊಲ್ಲಾಪುರ
ಇವತ್ತೂ ಕನ್ನಡಿ ಮುಂದೆ ನಗುವ ಅಭ್ಯಾಸ. ಬಿಸಿನೆಸ್ ಡಿಪ್ಲೋಮಾದ ಸೇಲ್ಸ್‌ಮನ್‌ಶಿಪ್ ಪಾಠ — ಮೊದಲು ಗಿರಾಕಿಯ ಕಣ್ಣು ನೋಡು, ಆಮೇಲೆ ಮಾಲು ತೋರಿಸು. ನನಗೆ ಕಣ್ಣೇ ಕಷ್ಟ. ಕನ್ನಡ ಬಿ.ಎ. ಇಲ್ಲಿ ಯಾರಿಗೆ ಬೇಕು? ಅದಕ್ಕೇ ಈ ಸಂಜೆ ಕ್ಲಾಸು.
ಚಾದರ ಮಾರುವ ಅಭ್ಯಾಸದಲ್ಲಿ ನಾಗಣ್ಣ ಸರ್ ಎಲ್ಲರೆದುರು ಅಂದರು: "ಏ ಕವಿ, ನೆಲಾ ನೋಡ್ಕೋತ ಮಾತಾಡಿದ್ರ ಚಾದರ ನೆಲಾನ ತಗೋಬೇಕು ನೋಡು."
ಎಲ್ಲರೂ ನಕ್ಕರು. ನಾನೂ.

೨ ಏಪ್ರಿಲ್
ಪ್ರ್ಯಾಕ್ಟಿಕಲ್ ಶುರು. ಸರ್ ಭಾವನ ಅಂಗಡಿಯ ಚಾದರ ಹಳ್ಳಿಗೆ ಒಯ್ದು ಮಾರಬೇಕು. ಚೆನ್ನಾಗಿ ಮಾರಿದವನಿಗೆ ಅಲ್ಲೇ ನೌಕರಿ. ನನಗೆ ಚಪಳಗಾಂವ, ಚಿಗವ್ವನ ಊರು. ಬೇಕೆಂದೇ ಕೊಟ್ಟರು. ನನ್ನ ನಾಚಿಕೆ ಅವರಿಗೆ ಅರ್ಥವಾಗಿದೆ... ದೊಡ್ಡ ಮನುಷ್ಯ.
ಕೆಂಪು ಬಣ್ಣ ಬಿಡುತ್ತದೆಯೇ, ಕೇಳಿದೆ.
"ಛೇ! ಪಕ್ಕಾ ರಂಗು. ಬಿಂದಾಸ್ ಹೇಳು."

೪ ಏಪ್ರಿಲ್, ಚಪಳಗಾಂವ
ಮುಂದಿನ ತಿಂಗಳು ಚಿಗವ್ವನ ಮಗಳು, ತಂಗಿ ದ್ರೌಪದಿಯ ಮದುವೆ. ಬೀಗರಿಗೆ ಕೊಡುವ ಆಹೇರದ ಉಡುಗೊರೆಗೆ ಕೆಂಪು ಚಾದರ ತೋರಿಸಿದೆ. ಕಲ್ಯಾಣಮ್ಮ ಚಿಗವ್ವ ಚಾದರ ಮುಟ್ಟಲಿಲ್ಲ. ನನ್ನನ್ನೇ ನೋಡಿದಳು.
"ಬಣ್ಣ ಬಿಡ್ತಾವೇನೋ ತಮ್ಮಾ?"
"ಇಲ್ಲ ಚಿಗವ್ವಾ. ಪಕ್ಕಾ ರಂಗು."
ಕಣ್ಣು ತಗ್ಗಿಸಲಿಲ್ಲ. ಮೊದಲ ಸಲ.
"ನೀ ಅಂದಿ ಅಂದ್ರ ಮುಗೀತು."
ಓಣಿಯವರೂ ತೆಗೆದುಕೊಂಡರು. ಗಂಟು ಖಾಲಿ!

೧೯ ಮೇ, ಚಪಳಗಾಂವ
ನಿನ್ನೆ ಮದುವೆ. ರಾತ್ರಿ ನಾಲ್ಕು ಹನಿ ಮಳೆ ಬಂತು. ಅಂಗಳದಲ್ಲಿ ಮಲಗಿದ್ದ ಬೀಗರು ಆಹೇರದ ಚಾದರ ತಲೆ ಮೇಲೆಳೆದುಕೊಂಡರು. ಬೆಳಿಗ್ಗೆ ದ್ರೌಪದಿಯ ಮಾವನ ಧೋತರ ಕೆಂಪು. ಮೀಸೆಯೂ.
ಬೀಗಿತಿ ಸೋನಾಬಾಯಿ ಜೋರಾಗಿ ಅಂದಳು: "ಏನ್ರಿ ಕಲ್ಯಾಣಮ್ಮ, ನಿಮ್ಮೂರಾಗ ರಂಗಪಂಚಮಿ ಇನ್ನಾ ಮುಗದಿಲ್ಲೇನ್ರಿ? ಹುಡುಗಿ ಬಣ್ಣಾನೂ ತೊಳದ ನೋಡಬೇಕೇನು?"
ಅಂಗಳವೆಲ್ಲ ನಗು. ದ್ರೌಪದಿ ಸೆರಗು ಬಾಯಿಗೊತ್ತಿಕೊಂಡಳು. ಚಿಗವ್ವ ನನ್ನ ಕಡೆ ತಿರುಗಲಿಲ್ಲ.

೨೧ ಮೇ, ಸೊಲ್ಲಾಪುರ
ಸರ್ ಮನೆಗೆ ಹೋದೆ.
"ಸರ್, ಬಣ್ಣ ಬಿಟ್ಟಾವ."
"ಬಿಡತಾವ. ಆ ಲಾಟ್ ಹಂಗ ಅದ." ಚಹಾ ತರಿಸಿದರು.
"ನಿಮಗ ಗೊತ್ತಿತ್ತೇನ್ರಿ?"
"ನಿನಗ ಗೊತ್ತಿದ್ರ ನೀ ಹಂಗ ಹೇಳ್ತಿದ್ದೇನು? ಸುಳ್ಳು ಬರೂದಿಲ್ಲಂತ ನಿನ್ನ ಮಾರಿ ಮ್ಯಾಲ ಬರದದ. ಅದಕ್ಕ ಕಳಿಸೀನಿ. ನೀ ಅಲ್ಲೋ, ನಿನ್ನ ಮಾರೀನ ಮಾಲ್ ಮಾರತದ!" ತಮ್ಮ ಮಾತಿಗೆ ತಾವೇ ನಕ್ಕರು. "ಫಸ್ಟ್ ಕ್ಲಾಸ್ ಕೊಟ್ಟೀನಿ. ಸೋಮವಾರದಿಂದ ಅಂಗಡಿಗೆ ಬಾ."
ಪೂರಾ ಚಹಾ ಕುಡಿದೆ. ನೌಕರಿ ಬೇಡ ಅನ್ನಲಿಲ್ಲ.

೨೪ ಮೇ
ಅಪ್ಪ ಪೇಡೆ ಹಂಚಿದ. ಚಿಗವ್ವನೂ ಬಂದಿದ್ದಳು.
"ನೌಕರಿ ಸಿಕ್ತಂತ, ಚೊಲೋ ಆತು." ಆಮೇಲೆ ಮೆಲ್ಲಗೆ: "ನಾಳಿ ಬೀಗರೂರು ಭಂಡಾರಕವಠೆಗೆ ಹೋಗಿ ದ್ರೌಪದೀನ ಕರ್ಕೊಂಬಾ. ಚಾದರ ಯಾರ ಕಡೆ ತಗೊಂಡ್ರಿ ಅಂತ ಬೀಗರು ಕೇಳಿದ್ರು. ಯಾವನೋ ಊರೂರು ಮಾರ್ಕೋತ ತಿರಗಾವ ಅಂದೀನಿ. ನೀನೂ ಹಂಗ ಅನ್ನು."
"ದ್ರೌಪದಿ ಏನಂದಳು?"
"ಆಕಿಗೆ ದಿನಾ ಚುಚ್ಚಿ ಮಾತಾಡತಾರ. ಆದ್ರೂ ನಿನ್ನ ಹೆಸರು ಹೇಳಿಲ್ಲ."

೨೫ ಮೇ, ಮುಂಜಾನೆ
ಬಸ್ಸಿಗೆ ಇನ್ನೂ ಹೊತ್ತಿದೆ. ಸೋನಾಬಾಯಿ ಕೇಳೇ ಕೇಳುತ್ತಾಳೆ. ದ್ರೌಪದಿ ಪಕ್ಕದಲ್ಲೇ ನಿಂತಿರುತ್ತಾಳೆ. ಯಾವನೋ ತಿರಗಾವ ಅಂದರೆ ನಂಬುತ್ತಾರೆ — ಈ ಮಾರಿ ನೋಡಿ ಯಾರಾದರೂ ನಂಬುತ್ತಾರೆ. ಹಾಗಾಗಿ ಹೊಸ್ತಿಲು ದಾಟುವ ಮೊದಲೇ, ಅವರು ಕೇಳುವ ಮೊದಲೇ, ನಾನೇ ಹೇಳಿಬಿಡುತ್ತೇನೆ: ಆ ಚಾದರ ಮಾರಿದವ ನಾನು.