ಹೊಟ್ಟೆ ಬಿಟ್ಟ ಗೋಡೆ

ಜನವರಿ 19, ಬೆಳಿಗ್ಗೆ 8

ಓಟ್ಸ್ ಗಂಜಿ ಕುಡಿದು ಎಂದಿನಂತೆ ಬಂದರಿಗೆ. ತೂಕದ ದಾರ ಇಳಿಬಿಟ್ಟು ಅಲೆ ತಡೆಯುವ ಗೋಡೆ ನೆಟ್ಟಗಿದೆಯಾ ನೋಡಿದೆ. ಅದರ ಹೊಟ್ಟೆ ಇನ್ನೊಂದು ಬೆರಳು ಮುಂದೆ ಬಂದಿದೆ. ಮುನ್ನೂರು ವರ್ಷ ಅಲುಗದೆ ನಿಂತಿದ್ದ ಗೋಡೆ...

ನನ್ನದೇ ಘನಕಾರ್ಯ. ಹಿರಿಯರು ಕಲ್ಲುಗಳನ್ನು ಉದ್ದಕ್ಕೆ ನಿಲ್ಲಿಸಿ, ಗಾರೆ ಹಾಕದೆ, ಸಂದು ಬಿಟ್ಟು ಕಟ್ಟಿದ್ದರು. ಒಳಗೆ ನುಗ್ಗಿದ ಅಲೆ ಸಂದಿಯಲ್ಲೇ ಹೊರಗೆ ಹೋಗಲಿ ಅಂತ. ನಾಲ್ಕು ಬೇಸಿಗೆ ಹಿಂದೆ, ಗೋಡೆ ಮೇಲೆ ಅಡ್ಡಾಡುವ ಪ್ರವಾಸಿಗರ ಹಿಮ್ಮಡಿ ಸಂದಿಗೆ ಸಿಕ್ಕಿಕೊಳ್ಳುತ್ತೆ ಅಂತ ಊರ ಸಮಿತಿ ಗೊಣಗಿತು. ನಾನು ಗಾರೆ ಕೆಲಸದವ. ಸಂದಿಗೆಲ್ಲ ಸಿಮೆಂಟ್ ತುಂಬಿದೆ — ಚೊಕ್ಕವಾಗಿ. ಈಗ ಬುಡದಿಂದ ಹೊಕ್ಕ ನೀರಿಗೆ ಹೊರದಾರಿಯಿಲ್ಲ. ಒಳಗಿನಿಂದಲೇ ಒದೆಯುತ್ತಿದೆ.

ಜನವರಿ 22

ಹಳೆ ಕಟ್ಟಡಗಳ ಕಚೇರಿಯಿಂದ ಕತ್ರೀನಾ ಬಂದಿದ್ದಳು. ಫೋಟೊ ತೆಗೆದಳು.

“ಮುಟ್ಬೇಡಿ ಗ್ರೆಗರ್. ರಕ್ಷಿತ ಗೋಡೆ ಇದು. ಅರ್ಜಿ ಹಾಕಿ.”

“ಎಷ್ಟು ದಿನ ಆಗತ್ತೆ?”

“ಎಂಟು ವಾರ. ಬೇಗ ಆದ್ರೆ.”

“ಸಿಮೆಂಟ್ ತುಂಬೋವಾಗ ಯಾರೂ ಅರ್ಜಿ ಕೇಳ್ಲಿಲ್ವಲ್ಲಮ್ಮ.”

“ಅದೇ ನೋಡಿ. ಯಾರು ತುಂಬಿದ್ದು?”

ದಾರ ಸುತ್ತಿಕೊಂಡು ಮನೆಗೆ ನಡೆದೆ. ಥೂ, ಹೇಡಿ.

ಜನವರಿ 23

ಅಪ್ಪನ ತಂಗಿ ಎಫೀ ಅತ್ತೆಯ ಮನೆ ಗೋಡೆಯ ಬೆನ್ನಿಗೇ ಇದೆ. ಅವಳಿಗೆ ತೊಂಬತ್ತೊಂದು ವರ್ಷ. ಕಣ್ಣು ಮುಕ್ಕಾಲು ಹೋಗಿದೆ, ನಾಲಿಗೆ ಪೂರ್ತಿ ಇದೆ.

“ಅತ್ತೆ, ಚಳಿಗಾಲ ಕಳೆಯೋವರ್ಗೂ ಮೇಲ್ಬೀದಿಗೆ, ನಮ್ಮನೆಗೆ ಬಂದ್ಬಿಡು.”

“ನಿನ್ ಹೆಂಡ್ತಿ ಟೀ ಕಲಗಚ್ಚು ಕಣೋ. ಬರಲ್ಲ.”

“ಆ ಗೋಡೆ ನೆಚ್ಕೊಳೋ ಹಾಗಿಲ್ಲ.”

“ನಮ್ಮಪ್ಪ, ನನ್ ಗಂಡ, ಎಲ್ರೂ ಅದರ ಹಿಂದೇನೇ ಮಲಗಿ ಎದ್ದೋರು. ಅದಕ್ಕೇನು ದಾಡಿ?”

ಕೆಡಿಸಿದ್ದು ನಾನೇ ಅಂತ ಹೇಳಬೇಕಿತ್ತು. ಹೊಗೆಮೀನಿನ ಸಾರು ಬಡಿಸಿದಳು. ತಿಂದು ಬಂದೆ.

ಫೆಬ್ರವರಿ 6

ಅರ್ಜಿಗೆ ಉತ್ತರವಿಲ್ಲ. ಅನುಮತಿ ಮನೆ ಹಾಳಾಗಲಿ ಅಂತ ಚಾಣ, ಸುತ್ತಿಗೆ ತಗೊಂಡು ಹೋದೆ. ಮೂರು ಗಂಟೆ ಕಾಲ ಬಡಿದರೂ ಗೇಣುದ್ದವೂ ಬಿಡಿಸಲಾಗಲಿಲ್ಲ. ಸಿಮೆಂಟ್ ಜಗ್ಗದು, ಪಕ್ಕದ ಹಳೆಗಲ್ಲೇ ಚೂರಾಗುತ್ತೆ. ಇನ್ನೆರಡು ಏಟು ಹಾಕಿದ್ದರೆ ನಾನೇ ಬೀಳಿಸುತ್ತಿದ್ದೆ.

ನಿಲ್ಲಿಸಿದೆ. ಅಲ್ಲೇ ಕೂತು ಅತ್ತುಬಿಟ್ಟೆ. ಅರವತ್ತೆಂಟು ವರ್ಷದ ಕತ್ತೆ.

ಫೆಬ್ರವರಿ 11, ಮಧ್ಯಾಹ್ನ 1.10

ಈಶಾನ್ಯದ ಬಿರುಗಾಳಿ. ಕಡಲಿನ ಉಬ್ಬರ 2.20ಕ್ಕೆ. ಕೆಳಬೀದಿಯವರೆಲ್ಲ ಮೇಲ್ಬೀದಿಗೆ ಹೋದರು. ಎಫೀ ಅತ್ತೆ ಕುರ್ಚಿ ಬಿಟ್ಟು ಏಳಲ್ಲ. ಕರೆಯಲು ಬಂದ ಪೊಲೀಸರನ್ನೂ ಬೈದು ಕಳಿಸಿದಳು. ಅವಳ ಅಡುಗೆಮನೆಯಲ್ಲಿ ಕೂತಿದ್ದೇನೆ. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ.

ಕೊನೆಗೂ ಹೇಳಿದೆ.

“ಅತ್ತೆ, ಗೋಡೆಗೆ ಸಿಮೆಂಟ್ ತುಂಬಿದ್ದು ನಾನು. ಅದರಿಂದ್ಲೇ ಕೆಟ್ಟಿರೋದು.”

“ನೀನೇ ಅಂತ ಗೊತ್ತು ಬಿಡೋ. ಆಗ್ಲೇ ಕೈಯಾಡಿಸಿ ನೋಡಿದ್ದೆ. ಎಷ್ಟು ನುಣ್ಣಗೆ ಮಾಡಿದ್ದೆ. ನಿಮ್ಮಪ್ಪನ ಕೈಗೂ ಆಗ್ತಿರ್ಲಿಲ್ಲ. ನೀನು ಗಟ್ಟಿ ಮಾಡಿದ್ದೀಯಾ ಅಂತಾನೇ ನಾನು ಧೈರ್ಯವಾಗಿ ಕೂತಿರೋದು.”

ಕೆಟ್ಟಿದೆ ಅಂದದ್ದು ಅವಳ ಕಿವಿಗೇ ಬೀಳಲಿಲ್ಲ. ಮತ್ತೆ ಹೇಳಿದೆ. ನಕ್ಕಳು.

2.05

ಗೋಡೆಯ ನಡುವಿನ ಮೂರು ಕಲ್ಲು ಹೋದವು. ಕಿಟಕಿಯಿಂದ ಕಂಡಿತು. ಹೊಸಿಲಾಚೆ ಮೊಣಕಾಲುದ್ದ ನೀರು. ಅತ್ತೆಯನ್ನು ಎತ್ತಿಕೊಳ್ಳಲು ಹೋದರೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದಾಳೆ. ಬಿಡಿಸಲಾಗುತ್ತಿಲ್ಲ.

“ಅದೇನೋ ಸದ್ದು, ಗ್ರೆಗರ್? ಗೋಡೆ ಇದೆ ತಾನೆ?”

ಇದೆ ಅತ್ತೆ ಅಂದೆ. ಮತ್ತೆ ಕೇಳುತ್ತಿದ್ದಾಳೆ. ನೀರು ಹೊಸಿಲು ದಾಟಿತು. ನಾನು —