ಖಾಲಿ ಸಾಲು

ಚಿತ್ರದುರ್ಗ, 1978

ಮಾರ್ಚ್ 6, ಸೋಮವಾರ
ಮತ್ತೆ ಅದೇ ಕಟಕಟ. ಬೆಂಗಳೂರಿನ ಕಂಪ್ಯೂಟರ್ ಕಳಿಸುವ ಗಣಿಯ ನಕ್ಷೆ ಟೆಲಿಫೋನ್ ತಂತಿಯಲ್ಲಿ ಬಂದು ನಮ್ಮ ಆಫೀಸಿನ ಟೆಲಿಪ್ರಿಂಟರಿನಲ್ಲಿ ಸಾಲು ಸಾಲಾಗಿ ಅಚ್ಚಾಗುತ್ತದೆ. ಸುರಂಗ ಇದ್ದಲ್ಲಿ ನಕ್ಷತ್ರದ ಗುರುತು, ಬಂಡೆ ಇದ್ದಲ್ಲಿ ಖಾಲಿ. ಒಂದು ನಕ್ಷೆಗೆ ಅರ್ಧ ದಿನ... ಕಾದೂ ಕಾದೂ ತಲೆ ಕೆಡುತ್ತದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ.

ಮಾರ್ಚ್ 7
ಎಂಜಿನಿಯರ್ ಸಾಹೇಬರಿಗೆ ಹೇಳಿ ಹೊಸ ಏರ್ಪಾಟು ಮಾಡಿಸಿದೆ. ಖಾಲಿ ಸಾಲು ಕಳಿಸುವುದೇ ಬೇಡ. ಎಷ್ಟು ಖಾಲಿ ಎಂಬ ಸಂಖ್ಯೆ ಮಾತ್ರ ಅಂಚಿನಲ್ಲಿ ಬರಲಿ, ಅಷ್ಟು ಸಾಲು ನಾನೇ ಕಾಗದ ಸರಿಸುತ್ತೇನೆ. ಊಟದೊಳಗೇ ನಕ್ಷೆ ಮುಗಿಯಿತು. ಬೀಗುತ್ತಾ ಮನೆಗೆ ಬಂದೆ.

ಮಾರ್ಚ್ 9
ತಮ್ಮ ನಿಂಗಪ್ಪ ಬಂದಿದ್ದ. ಹೊಸದುರ್ಗದ ಕಡೆಯ ನಮ್ಮ ಗಣಿಯಲ್ಲೇ ಬಂಡೆ ಸಿಡಿಸುವ ಗ್ಯಾಂಗಿನಲ್ಲಿದ್ದಾನೆ.
“ಹಳೇ ಸುರಂಗದ ತುಂಬ ನೀರೈತಂತೆ ಅಕ್ಕ. ಸೋಮವಾರ ಅದರ ಕಡೀಕೇ ಸಿಡಿಸ್ತೀವಿ. ನಡುವೆ ಎಷ್ಟು ಬಂಡೆ ಐತೆ ಅಂತ ನಿನ್ನ ನಕ್ಷೇನೇ ಹೇಳ್ಬೇಕು.”
“ಹೇಳ್ತೈತೆ. ಮೊದ್ಲು ಉಣ್ಣಲೇ.”

ಮಾರ್ಚ್ 11
ನಕ್ಷೆ ಬಂತು. ನಡುವೆ ಲೈನ್ ಕಡಿದು, ಮತ್ತೆ ಹತ್ತಿತು. ಬಂಡೆ ಧಾರಾಳವಾಗಿದೆ. ಸಾಹೇಬರು ಜೀಪಿನಲ್ಲಿ ತೆಗೆದುಕೊಂಡು ಹೋದರು.

ಮಾರ್ಚ್ 13, ಬೆಳಿಗ್ಗೆ
ಈಗಷ್ಟೇ ಲೈನ್ ಕಡಿಯಿತು. ಹತ್ತಿದ ಮೇಲೆ ಬೆಂಗಳೂರಿನವರು ಕೊನೆಯ ಸಾಲನ್ನೇ ಮತ್ತೆ ಕಳಿಸಿದರು — ಅದು ಅವರ ಪದ್ಧತಿ. ನಕ್ಷತ್ರದ ಸಾಲು ಎರಡು ಸಲ ಬಂದರೆ ಕಣ್ಣಿಗೆ ಕಾಣುತ್ತದೆ, ಒಂದನ್ನು ಕತ್ತರಿಸುತ್ತೇನೆ. ಆದರೆ ಖಾಲಿಯ ಸಂಖ್ಯೆ?
ಶನಿವಾರದ ಕಾರ್ಬನ್ ಪ್ರತಿ ತೆಗೆದೆ. ಅಂಚಿನಲ್ಲಿ ಅದೇ ಸಂಖ್ಯೆ ಎರಡು ಸಲ, ಒಂದರ ಕೆಳಗೊಂದು. ಎರಡಕ್ಕೂ ಕಾಗದ ಸರಿಸಿದ್ದೇನೆ. ಬಂಡೆ ಇರುವುದು ನಕ್ಷೆ ತೋರಿಸಿದ್ದರ ಅರ್ಧ. ಆಚೆ ನೀರು.
ಗಣಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದೇನೆ. ಕಾಯಬೇಕಂತೆ. ಕೂರಲಾರೆ, ನಿಲ್ಲಲಾರೆ. ಬರೆಯುತ್ತಿದ್ದೇನೆ.

ಕಾಲ್ ಸಿಕ್ಕಿತು. ಗಣಿಯ ಗುಮಾಸ್ತ ದಾಸಣ್ಣ. “ಎಲ್ಲಾ ಒಳಗವ್ರೆ ಮೇಡಂ, ಮದ್ದು ತುಂಬ್ತಾ ಅವ್ರೆ.”
“ಓಡ್ರಿ, ನಿಲ್ಲಿಸ್ರಿ. ನಕ್ಷೆ ತಪ್ಪೈತೆ.”
ರಿಸೀವರ್ ಮೇಜಿನ ಮೇಲಿಟ್ಟು ಓಡಿದ. ಚಪ್ಪಲಿ ಸದ್ದು. ಆಮೇಲೆ ಫ್ಯಾನಿನ ಸದ್ದು ಮಾತ್ರ... ಇನ್ನೂ ಫ್ಯಾನ್... ಯಾರೋ ಏದುಸಿರು ಬಿಡುತ್ತಾ...

“ಏನಕ್ಕಾ ನಿಂದು, ಬತ್ತಿ ಹಚ್ಚೋ ಹೊತ್ನಾಗೆ—”
ನಿಂಗಪ್ಪ ಬೈಯುತ್ತಿದ್ದಾನೆ. ಬೈಯಲಿ. ಅಳು ಬರುತ್ತಿದೆ. ಹಿಂದೆ ಸಾಹೇಬರ ದನಿ, ನಕ್ಷೆ ಕೆಡಿಸಿದ್ದು ಯಾರೆಂದು. ಅವರ ಕೈಗೆ ಫೋನ್ ಕೊಡು ಅಂದೆ. ನಾನೇ ಅಂತ ಹೇಳಬೇಕು—